ಮೌಂಟನ್ ಬೈಕ್‌ಗೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್: ಬದಲಾಯಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಲಕ್ಕವಳ್ಳಿ: ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಆಸುಪಾಸಿನಲ್ಲಿ ಸೈಕಲ್ ಸವಾರರಿಗೆ ಎರಡು ಬಗೆಯ ದಾರಿಗಳಿವೆ. ಮೊದಲನೆಯದು ಭದ್ರಾ ಅಣೆಕಟ್ಟೆಯ ಕೆಳಭಾಗದಲ್ಲಿ ನಾಲೆ, ಗದ್ದೆ, ತೋಟಗಳ ನಡುವೆ ಸಾಗುವ ಬಹುಮಟ್ಟಿಗೆ ಸಮತಟ್ಟಾದ ದಾರಿ. ಎರಡನೆಯದು ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿಯ ಮೂಲಕ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಏರುವ ತಿರುವುಗಳ ದಾರಿ. ಏರುವಾಗ ಕಾಲಿನ ಪರೀಕ್ಷೆಯಾದರೆ, ಇಳಿಯುವಾಗ ಬ್ರೇಕಿನ ಪರೀಕ್ಷೆ. ಕಡಿಮೆ ಬೆಲೆಯ ಮೌಂಟನ್ ಬೈಕ್‌ಗಳಲ್ಲಿ ಸಾಮಾನ್ಯವಾಗಿರುವ ತಂತಿ ಎಳೆತದ (ಮೆಕ್ಯಾನಿಕಲ್) ಡಿಸ್ಕ್ ಬ್ರೇಕನ್ನು ತೆಗೆದು ಹೈಡ್ರಾಲಿಕ್ ಬ್ರೇಕ್ ಅಳವಡಿಸುವ ವಿಚಾರ ಮುನ್ನೆಲೆಗೆ ಬರುವುದು ಈ ಎರಡನೆಯ ದಾರಿಯಲ್ಲಿಯೇ.

ಇಳಿಜಾರಿನ ಲೆಕ್ಕ

ಸವಾರ ಹಾಗೂ ಸೈಕಲ್ ಸೇರಿ 85 ಕಿಲೋಗ್ರಾಂ ತೂಕವಿದ್ದು, 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 4.2 ಲಕ್ಷ ಜೂಲ್‌ನಷ್ಟು ಶಕ್ತಿ ಎಲ್ಲಾದರೂ ವ್ಯಯವಾಗಲೇಬೇಕು. ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಸಲು ಸಾಕಾಗುವಷ್ಟು ಶಾಖವಿದು. ಒಂದಷ್ಟು ಭಾಗ ಗಾಳಿಯ ತಡೆಯಲ್ಲಿ ಕಳೆದುಹೋಗುತ್ತದೆ. ನಿಧಾನವಾಗಿ ಇಳಿದಷ್ಟೂ ಗಾಳಿಯ ಪಾಲು ತಗ್ಗಿ, ಉಳಿದೆಲ್ಲವನ್ನೂ ಎರಡು ತೆಳು ಉಕ್ಕಿನ ಡಿಸ್ಕ್‌ಗಳು ಹಾಗೂ ನಾಲ್ಕು ಪುಟ್ಟ ಪ್ಯಾಡ್‌ಗಳು ಹೊರಬೇಕಾಗುತ್ತದೆ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯದೆ, ತಿರುವಿಗೆ ಮುನ್ನ ಬಲವಾಗಿ ಒತ್ತಿ ನಂತರ ಬಿಡಬೇಕೆಂದು ಅನುಭವಿಗಳು ಹೇಳುವುದು ಡಿಸ್ಕ್ ಆರಲು ಅವಕಾಶವಿರಲೆಂದೇ.

ವ್ಯತ್ಯಾಸವೇನು?

ಮೆಕ್ಯಾನಿಕಲ್ ಬ್ರೇಕ್‌ನಲ್ಲಿ ಲಿವರ್ ಒತ್ತಿದಾಗ ಉಕ್ಕಿನ ತಂತಿ ಕ್ಯಾಲಿಪರ್‌ನ ಸನ್ನೆಯನ್ನು ಎಳೆಯುತ್ತದೆ. ಅಗ್ಗದ ಮಾದರಿಗಳಲ್ಲಿ ಒಂದು ಬದಿಯ ಪ್ಯಾಡ್ ಮಾತ್ರ ಚಲಿಸಿ, ಡಿಸ್ಕನ್ನು ತುಸು ಬಾಗಿಸಿ ಇನ್ನೊಂದು ಬದಿಯ ಸ್ಥಿರ ಪ್ಯಾಡ್‌ಗೆ ಒತ್ತುತ್ತದೆ. ಮಳೆಗಾಲದಲ್ಲಿ ಕೆಸರು ನೀರು ಕೊಳವೆಯೊಳಗೆ ಸೇರಿದರೆ ತಂತಿ ತುಕ್ಕು ಹಿಡಿದು ಬಿಗಿಯಾಗುತ್ತದೆ. ಪ್ಯಾಡ್ ಸವೆದಂತೆ ಕೈಯಾರೆ ಸರಿಹೊಂದಿಸುತ್ತಲೇ ಇರಬೇಕು.

ಹೈಡ್ರಾಲಿಕ್ ಬ್ರೇಕ್‌ನಲ್ಲಿ ತಂತಿಯ ಕೆಲಸವನ್ನು ದ್ರವ ಮಾಡುತ್ತದೆ. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ, 17ನೇ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲ್ ನಿರೂಪಿಸಿದ ನಿಯಮವೇ ಇದರ ಆಧಾರ. ಎರಡೂ ಬದಿಯ ಪಿಸ್ಟನ್‌ಗಳು ಏಕಕಾಲಕ್ಕೆ ಮುಂದೆ ಬಂದು ಡಿಸ್ಕನ್ನು ಹಿಡಿಯುತ್ತವೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ತಾನೇ ಮುಂದೆ ಸರಿಯುವುದರಿಂದ ಆಗಾಗ ಸರಿಪಡಿಸುವ ಅಗತ್ಯವಿಲ್ಲ. ಒಂದೆರಡು ಬೆರಳಿನ ಒತ್ತಡ ಸಾಕಾಗುವ ಕಾರಣ ದೀರ್ಘ ಇಳಿಜಾರಿನಲ್ಲಿ ಕೈ ಸೋಲುವುದಿಲ್ಲ.

ಕೊಳ್ಳುವ ಮುನ್ನ ಪರಿಶೀಲಿಸಿ

* ಗೇರ್ ಹಾಗೂ ಬ್ರೇಕ್ ಲಿವರ್ ಒಂದೇ ಘಟಕವಾಗಿ ಬೆಸೆದುಕೊಂಡಿರುವ ಸೈಕಲ್‌ಗಳಿವೆ. ಅಂಥವುಗಳಲ್ಲಿ ಬ್ರೇಕ್ ಬದಲಾಯಿಸಿದರೆ ಪ್ರತ್ಯೇಕ ಗೇರ್ ಶಿಫ್ಟರ್ ಕೂಡ ಕೊಳ್ಳಬೇಕು. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

* ಕ್ಯಾಲಿಪರ್ ಕೂರುವ ಜಾಗ ಎರಡು ಬಗೆಯದು. ಬೋಲ್ಟ್‌ಗಳು ಚಕ್ರದ ಕಡೆಗೆ ಅಡ್ಡಲಾಗಿ ಕೂರುವುದಾದರೆ ‘ಐಎಸ್’. ಮುಂದಕ್ಕೆ ಮುಖ ಮಾಡಿ 74 ಮಿಲಿಮೀಟರ್ ಅಂತರದಲ್ಲಿದ್ದರೆ ‘ಪೋಸ್ಟ್ ಮೌಂಟ್’. ಒಂದರಿಂದ ಇನ್ನೊಂದಕ್ಕೆ ಅಡಾಪ್ಟರ್ ದೊರೆಯುತ್ತದೆ; ಹಿಂದಿನ ಹಾಗೂ ಮುಂದಿನ ಚಕ್ರಗಳಿಗೆ ಅದು ಬೇರೆ ಬೇರೆಯಾಗಿರಬಹುದು.

* ಹಳೆಯ ಡಿಸ್ಕ್ ನೆಟ್ಟಗಿದ್ದು ಅಳತೆ ಹೊಂದಿದರೆ ಮುಂದುವರಿಸಬಹುದು. ಶಿಮಾನೊ ಡಿಸ್ಕ್‌ಗಳು ಹೊಸದರಲ್ಲಿ 1.8 ಮಿ.ಮೀ. ದಪ್ಪವಿದ್ದು, 1.5 ಮಿ.ಮೀ.ಗೆ ಇಳಿದರೆ ಬದಲಾಯಿಸಬೇಕು. ರೆಸಿನ್ ಪ್ಯಾಡ್‌ಗೆ ಮಾತ್ರ ಎಂದು ಡಿಸ್ಕ್ ಮೇಲೆ ಮುದ್ರಿತವಾಗಿದ್ದರೆ ಲೋಹದ ಪ್ಯಾಡ್ ಹಾಕಬಾರದು.

* ಮುಂದಿನ ಡಿಸ್ಕನ್ನು 160ರಿಂದ 180 ಮಿ.ಮೀ.ಗೆ ಹೆಚ್ಚಿಸಿದರೆ ಅದೇ ಒತ್ತಡಕ್ಕೆ ಶೇ 12.5ರಷ್ಟು ಹೆಚ್ಚು ಹಿಡಿತ ದೊರೆಯುತ್ತದೆ. ಆದರೆ ಫೋರ್ಕ್ ತಯಾರಕರು ಅನುಮತಿಸಿದ ಗಾತ್ರವನ್ನು ಮೀರುವಂತಿಲ್ಲ.

* ಮೋಟಾರ್ ಬೈಕ್ ರೂಢಿಯಿರುವವರಿಗೆ ಬಲಗೈಯಲ್ಲಿ ಮುಂದಿನ ಬ್ರೇಕ್ ಇರುವುದು ಕ್ಷೇಮ. ಹೊರದೇಶಗಳಿಗೆಂದು ತಯಾರಾದ ಜೋಡಿ ಇದಕ್ಕೆ ವ್ಯತಿರಿಕ್ತವಾಗಿರಬಹುದು. ಕೊಳ್ಳುವಾಗಲೇ ಕೇಳಿ ತಿಳಿಯಬೇಕು.

ಎಣ್ಣೆಯ ವಿಷಯದಲ್ಲಿ ಎಚ್ಚರ

ಶಿಮಾನೊ, ಟೆಕ್ಟ್ರೊ, ಮಗುರಾ ಬ್ರೇಕ್‌ಗಳು ಮಿನರಲ್ ಆಯಿಲ್ ಬಳಸುತ್ತವೆ. ಕಾರು, ಮೋಟಾರ್ ಬೈಕ್‌ಗಳಲ್ಲಿ ಬಳಕೆಯಲ್ಲಿರುವುದು ‘ಡಾಟ್’ ದ್ರವ. ಎಸ್‌ಆರ್‌ಎಎಂನ ಹಲವು ಸೈಕಲ್ ಬ್ರೇಕ್‌ಗಳೂ ಅದನ್ನೇ ಕೇಳುತ್ತವೆ. ಇವೆರಡೂ ಒಂದರ ಬದಲಿಗೆ ಇನ್ನೊಂದಾಗಿ ಸಲ್ಲವು. ಹತ್ತಿರದ ಗ್ಯಾರೇಜಿನಲ್ಲಿ ದೊರೆಯಿತೆಂದು ಮಿನರಲ್ ಆಯಿಲ್ ಬ್ರೇಕಿಗೆ ಡಾಟ್ ದ್ರವ ಸುರಿದರೆ ಒಳಗಿನ ರಬ್ಬರ್ ಸೀಲ್‌ಗಳು ಕೆಟ್ಟು, ಇಳಿಜಾರಿನ ನಡುವೆ ಬ್ರೇಕ್ ಕೈಕೊಡುವ ಅಪಾಯವಿದೆ. ಡಾಟ್ ದ್ರವಕ್ಕೆ ತೇವಾಂಶ ಹೀರುವ ಗುಣವೂ ಇದೆ. ಡಾಟ್ 4 ದ್ರವದ ಕನಿಷ್ಠ ಕುದಿಬಿಂದು ಹೊಸದರಲ್ಲಿ 230 ಡಿಗ್ರಿ ಸೆಲ್ಸಿಯಸ್ ಇದ್ದರೆ, ತೇವ ಸೇರಿದಾಗಿನ ಮಾನದಂಡ 155 ಡಿಗ್ರಿ ಮಾತ್ರ. ಆದ್ದರಿಂದ ಕಾಲಕಾಲಕ್ಕೆ ಅದನ್ನು ಬದಲಾಯಿಸುವುದು ಅನಿವಾರ್ಯ.

ಅಳವಡಿಕೆಯ ಕ್ರಮ

ಎಣ್ಣೆ ತುಂಬಿಯೇ ಬರುವ ಜೋಡಿಯನ್ನು ಕೊಂಡರೆ ಕೆಲಸ ಸುಲಭ. ಹಳೆಯ ಲಿವರ್, ತಂತಿ, ಕ್ಯಾಲಿಪರ್‌ಗಳನ್ನು ಬಿಚ್ಚಿ, ಹೊಸ ಹೋಸನ್ನು ಫ್ರೇಮಿನ ಉದ್ದಕ್ಕೆ ಕ್ಲಿಪ್ ಅಥವಾ ಪ್ಲಾಸ್ಟಿಕ್ ಪಟ್ಟಿಗಳಿಂದ ಕಟ್ಟಬೇಕು. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿದಾಗ ಹೋಸ್ ಬಿಗಿಯಬಾರದು. ಕ್ಯಾಲಿಪರ್ ಬೋಲ್ಟ್‌ಗಳನ್ನು ಸಡಿಲವಾಗಿಟ್ಟು, ಲಿವರ್ ಒತ್ತಿ ಹಿಡಿದುಕೊಂಡೇ ತಯಾರಕರು ಸೂಚಿಸಿದ ಪ್ರಮಾಣಕ್ಕೆ ಬಿಗಿಗೊಳಿಸಿದರೆ ಅದು ಡಿಸ್ಕ್‌ನ ನಡುವೆ ಕೂರುತ್ತದೆ. ಚಕ್ರ ತೆಗೆದಿರುವಾಗ ಲಿವರ್ ಒತ್ತುವುದು ಸಲ್ಲದು. ಪಿಸ್ಟನ್‌ಗಳು ಹೊರಚಾಚಿ ಡಿಸ್ಕ್ ಒಳಹೋಗದಂತಾಗುತ್ತದೆ. ಡಿಸ್ಕ್ ಹಾಗೂ ಪ್ಯಾಡ್‌ಗೆ ಎಣ್ಣೆಯ ಹನಿಯೂ, ಜಿಡ್ಡಿನ ಬೆರಳೂ ತಾಗಬಾರದು.

ಹೋಸ್ ಕತ್ತರಿಸಿ ಚಿಕ್ಕದು ಮಾಡಬೇಕಾದರೆ ಹೊಸ ಜೋಡಣೆ ಬಿಡಿಭಾಗಗಳು ಬೇಕು. ಒಳಹೊಕ್ಕ ಗಾಳಿಯನ್ನು ಹೊರತೆಗೆಯುವ ‘ಬ್ಲೀಡಿಂಗ್’ ಸಹ ಮಾಡಬೇಕಾಗಬಹುದು. ದ್ರವದಲ್ಲಿ ಗಾಳಿ ಉಳಿದರೆ ಲಿವರ್ ಸ್ಪಂಜಿನಂತೆ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬರುತ್ತದೆ. ಅಂಥ ಸೈಕಲ್ಲನ್ನು ರಸ್ತೆಗಿಳಿಸಬಾರದು.

ಹೊಸ ಪ್ಯಾಡ್ ಹಿಡಿತಕ್ಕೆ ಬರಲು ಮಟ್ಟಸ ರಸ್ತೆಯಲ್ಲಿ ಸಾಧಾರಣ ವೇಗದಿಂದ ಇಪ್ಪತ್ತು ಮೂವತ್ತು ಸಲ ವೇಗ ತಗ್ಗಿಸಿ ಓಡಿಸಬೇಕು. ಇದಕ್ಕಾಗಿ ಕಾಡುದಾರಿ ಹಿಡಿಯುವಂತಿಲ್ಲ. 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಭದ್ರಾ ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಪ್ರವೇಶವಿಲ್ಲ.

ಎಲ್ಲರಿಗೂ ಅಗತ್ಯವೇ?

ನಾಲೆ ಬದಿಯ ದಾರಿಯಲ್ಲಿ, ಶಾಲೆ, ಸಂತೆಗೆ ಓಡಾಡುವವರಿಗೆ ಸುಸ್ಥಿತಿಯಲ್ಲಿರುವ ಮೆಕ್ಯಾನಿಕಲ್ ಬ್ರೇಕ್ ಸಾಕು. ಹೊಸ ತಂತಿ, ಗಟ್ಟಿಮುಟ್ಟಾದ ಕೊಳವೆ, ಉತ್ತಮ ಪ್ಯಾಡ್ ಹಾಕಿದರೆ ಹಲವು ದೂರುಗಳು ಅಲ್ಪ ಖರ್ಚಿನಲ್ಲಿಯೇ ನಿವಾರಣೆಯಾಗುತ್ತವೆ. ತಂತಿ ತುಂಡಾದರೆ ಹಳ್ಳಿಯ ಸೈಕಲ್ ಅಂಗಡಿಯಲ್ಲಿಯೂ ದುರಸ್ತಿ ಸಾಧ್ಯ. ಹೈಡ್ರಾಲಿಕ್ ಬ್ರೇಕಿನ ಹೋಸ್ ಹರಿದರೆ ಅದಕ್ಕೆ ತಕ್ಕ ಎಣ್ಣೆ, ಸಲಕರಣೆ ಇರುವವರನ್ನೇ ಹುಡುಕಬೇಕು. ಅದಕ್ಕಾಗಿ ಪೇಟೆಯವರೆಗೆ ಹೋಗಬೇಕಾಗಿ ಬರಬಹುದು.

ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿಯ ಇಳಿಜಾರುಗಳನ್ನು ಪದೇ ಪದೇ ಇಳಿಯುವವರಿಗೆ, ಮಳೆಗಾಲದಲ್ಲಿಯೂ ಸವಾರಿ ಬಿಡದವರಿಗೆ ಬದಲಾವಣೆ ಸಾರ್ಥಕ. ಯಾವ ಬ್ರೇಕ್ ಇದ್ದರೂ ಇಳಿಯುವ ಮುನ್ನ ಒಂದು ನಿಮಿಷ ನಿಂತು ನೋಡಬೇಕಾದದ್ದು ಮೂರು: ಲಿವರ್ ಗಟ್ಟಿಯಾಗಿದೆಯೇ, ಪ್ಯಾಡ್ ಉಳಿದಿದೆಯೇ, ಚಕ್ರದ ಅಚ್ಚು ಬಿಗಿಯಾಗಿದೆಯೇ. ಇವುಗಳಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಸೈಕಲ್ ತಳ್ಳಿಕೊಂಡು ಇಳಿಯುವುದೇ ಕ್ಷೇಮ.