ಅಕ್ಕನಿಗೆ ಯಾರೂ ಕೇಳದ ಪ್ರಶ್ನೆ: ನಟಿಸುವ ಕಕ್ಷಿದಾರರ ಇತಿಹಾಸ

ಇವತ್ತಿನ ಸಂಚಿಕೆ ಶುರುವಾಗೋದು ಒಬ್ಬ ವಕೀಲರ ಆಫೀಸಿನ ಮೆಟ್ಟಿಲ ಮೇಲೆ.

ಮೂರು ವರ್ಷದ ಹಿಂದೆ ದೊಡ್ಡಮ್ಮನ ಮಗಳ ಜೊತೆ ಅಲ್ಲಿಗೆ ಹೋಗಿದ್ದೆ. ಅಕ್ಕನ ಒಪ್ಪಿಗೆ ತಗೊಂಡೇ ಇದನ್ನ ಹೇಳ್ತಿದೀನಿ. ವಕೀಲರು ಕೇಳಿದ್ರು: ಮದುವೆ ಯಾವಾಗ ಆಯ್ತು, ಮಕ್ಕಳೆಷ್ಟು, ಗಂಡನ ಸಂಬಳ ಎಷ್ಟು? ಹತ್ತೇ ನಿಮಿಷ. "ಸರಿಯಮ್ಮ, ಡಿವೋರ್ಸ್ ಪಿಟಿಷನ್ ರೆಡಿ ಮಾಡಿಸ್ತೀನಿ, ಮುಂದಿನ ವಾರ ಬಂದು ಸೈನ್ ಹಾಕಿ" ಅಂದ್ರು. ಮೂಲೆಯಲ್ಲಿ ಲಾ ಓದ್ತಿದ್ದ ಒಬ್ಬ ಹುಡುಗಿ ಕೂತು ಡೈರಿಯಲ್ಲಿ ಏನೋ ಬರ್ಕೋತಿದ್ಲು.

ಮೆಟ್ಟಿಲು ಇಳೀತಾ ಅಕ್ಕ ಕೇಳಿದ್ಲು, "ನನಗೆ ಡಿವೋರ್ಸ್ ಬೇಕು ಅಂತ ನಾನ್ಯಾವಾಗ ಹೇಳಿದೆ ಕಣೋ?"

ನಿಜ, ಹೇಳಿರಲಿಲ್ಲ. ಅವಳಿಗೆ ಬೇಕಿದ್ದದ್ದು ಮಗುವಿನ ಖರ್ಚಿಗೆ ದುಡ್ಡು, ಯೋಚನೆ ಮಾಡೋಕೆ ಸ್ವಲ್ಪ ಕಾಲ. ಕಾನೂನಿನಲ್ಲಿ ಅದಕ್ಕೆ ದಾರಿ ಇದೆ. ಡಿವೋರ್ಸ್ ಇಲ್ಲದೆಯೂ ಜೀವನಾಂಶ ಕೇಳಬಹುದು. ಆಗ ಅದು ಸಿಆರ್‌ಪಿಸಿ 125ನೇ ಸೆಕ್ಷನ್, ಈಗ ಬಿಎನ್‌ಎಸ್‌ಎಸ್ 144. ಹಿಂದೂ ವಿವಾಹ ಕಾಯ್ದೆಯ 10ನೇ ಸೆಕ್ಷನ್ನಿನಲ್ಲಿ ನ್ಯಾಯಿಕ ಪ್ರತ್ಯೇಕತೆ ಅಂತಲೂ ಇದೆ. ಆ ವಕೀಲರಿಗೆ ಇದೆಲ್ಲ ಗೊತ್ತಿರಲಿಲ್ಲ ಅಂತ ನನಗನಿಸಲ್ಲ. "ನಿಮಗೆ ಏನಾಗಬೇಕು?" ಅಂತ ಕೇಳೋದು ಅವರ ಅಭ್ಯಾಸದಲ್ಲಿ ಇರಲಿಲ್ಲ, ಅಷ್ಟೇ.

ಹಾಗಾದ್ರೆ ಈ ಅಭ್ಯಾಸವನ್ನ ಕಲಿಸೋದು ಯಾರು? ಅದನ್ನ ಹುಡುಕ್ತಾ ಹೋದಾಗ ಸಿಕ್ಕಿದ್ದು ಈ ಇತಿಹಾಸ.

ಮೊದಲು 1870ಕ್ಕೆ ಹೋಗೋಣ. ಅಮೆರಿಕದ ಹಾರ್ವರ್ಡ್ ಲಾ ಸ್ಕೂಲಿಗೆ ಡೀನ್ ಆಗಿ ಬಂದ ಕ್ರಿಸ್ಟೋಫರ್ ಲ್ಯಾಂಗ್ಡೆಲ್, ಮೇಲ್ಮನವಿ ಕೋರ್ಟುಗಳ ತೀರ್ಪು ಓದಿಸಿ ಕಾನೂನು ಕಲಿಸೋ ಪದ್ಧತಿ ತಂದ್ರು. ಬುದ್ಧಿಗೆ ಅದು ಒಳ್ಳೆ ಸಾಣೆ. ಆದರೆ ತೀರ್ಪು ಅನ್ನೋದು ಕಥೆ ಮುಗಿದ ಮೇಲೆ ಬರೆಯೋದು. ಅಲ್ಲಿ ಸಂಗತಿಗಳೆಲ್ಲ ಆಗಲೇ ಸಾಲಾಗಿ ಜೋಡಿಸಿಟ್ಟಿರ್ತವೆ. ಆಫೀಸಿಗೆ ಬರೋ ಮನುಷ್ಯ ಹಾಗೆ ಜೋಡಿಸ್ಕೊಂಡು ಬರಲ್ಲ. 1933ರಲ್ಲಿ ಜೆರೋಮ್ ಫ್ರಾಂಕ್ ಇದನ್ನೇ ಎತ್ತಿ ಹಿಡಿದು, ವೈದ್ಯರಿಗೆ ಆಸ್ಪತ್ರೆ ಇರೋ ಹಾಗೆ ಕಾನೂನು ಓದೋರಿಗೂ ಕ್ಲಿನಿಕ್ ಯಾಕಿರಬಾರದು ಅಂತ ಲೇಖನ ಬರೆದ್ರು.

ಉತ್ತರದ ಒಂದು ಭಾಗ ನಿಜವಾಗಿಯೂ ವೈದ್ಯರ ಕಡೆಯಿಂದಲೇ ಬಂತು. 1963ರ ಲಾಸ್ ಏಂಜಲೀಸ್. ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದ ನರರೋಗ ತಜ್ಞ ಹೊವರ್ಡ್ ಬ್ಯಾರೋಸ್, ಆರೋಗ್ಯವಾಗಿದ್ದ ಒಬ್ಬ ಮಹಿಳೆಗೆ ರೋಗಿಯ ಹಾಗೆ ನಟಿಸೋ ತರಬೇತಿ ಕೊಟ್ಟು ವಿದ್ಯಾರ್ಥಿಗಳ ಮುಂದೆ ಕೂರಿಸಿದ್ರು. ಎಲ್ಲ ವಿದ್ಯಾರ್ಥಿಗೂ ಅದೇ ರೋಗಿ, ಅದೇ ಕಥೆ. ಹಾಗಾಗಿ ಯಾರು ಚೆನ್ನಾಗಿ ಕೇಳಿದ್ರು, ಯಾರು ಕೇಳಲಿಲ್ಲ ಅಂತ ಹೋಲಿಸಿ ನೋಡಬಹುದು. ವೈದ್ಯಕೀಯಕ್ಕೆ ನಾಟಕ ನುಗ್ಗಿಸ್ತಿದ್ದಾರೆ ಅಂತ ಟೀಕೆ ಬಂತು. 2004ರ ಹೊತ್ತಿಗೆ ಅಮೆರಿಕದ ವೈದ್ಯರ ಲೈಸೆನ್ಸ್ ಪರೀಕ್ಷೆಯಲ್ಲೇ ಇಂಥ ರೋಗಿಗಳಿದ್ರು.

ತಮಾಷೆ ನೋಡಿ, ಅದೇ ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ ಲೂಯಿಸ್ ಬ್ರೌನ್ ಅನ್ನೋ ಪ್ರಾಧ್ಯಾಪಕರು 1969ರಲ್ಲಿ 'ಅಣಕು ವಕೀಲರ ಆಫೀಸು' ಸ್ಪರ್ಧೆ ಶುರು ಮಾಡಿದ್ರು. ಅಣಕು ಕೋರ್ಟಿನಲ್ಲಿ ವಾದ ಮಾಡೋದು ಎಲ್ಲರಿಗೂ ಗೊತ್ತಿತ್ತು. ಇಲ್ಲಿ ವಾದ ಇಲ್ಲ, ಜಡ್ಜ್ ಮುಂದೆ ನಿಲ್ಲೋದಿಲ್ಲ. ಕಕ್ಷಿದಾರ ಬರ್ತಾನೆ, ಅವನ ಮಾತು ಕೇಳಬೇಕು, ಸಲಹೆ ಕೊಡಬೇಕು.

ದೊಡ್ಡ ತಿರುವು ಬಂದಿದ್ದು ಸ್ಕಾಟ್ಲೆಂಡಿನಲ್ಲಿ. ಗ್ಲಾಸ್ಗೋದ ಪಾಲ್ ಮಹಾರ್ಗ್, ಜಾರ್ಜಿಯಾದ ಕ್ಲಾರ್ಕ್ ಕನಿಂಗ್‌ಹ್ಯಾಮ್ ಮತ್ತು ಸಂಗಡಿಗರು ಸಾಮಾನ್ಯ ಜನರಿಗೆ ಕಕ್ಷಿದಾರರಾಗೋ ತರಬೇತಿ ಕೊಟ್ಟು, ಅಂಕ ಹಾಕೋ ಕೆಲಸವನ್ನೂ ಅವರಿಗೇ ಬಿಟ್ಟರು. ನನ್ನ ಮಾತಿಗೆ ಕಿವಿಗೊಟ್ಟರಾ? ಅರ್ಥವಾಗೋ ಹಾಗೆ ಹೇಳಿದ್ರಾ? ಇನ್ನೊಂದು ಸಲ ಇವರ ಹತ್ತಿರವೇ ಬರ್ತೀನಾ? ಇಂಥ ಪ್ರಶ್ನೆಗಳಿಗೆ ಅಂಕ. ಈ ಅಂಕಗಳನ್ನ ನಂಬಬಹುದು ಅಂತ 2006ರಲ್ಲಿ ಅವರು ವರದಿ ಪ್ರಕಟಿಸಿದ್ರು. ಕಕ್ಷಿದಾರರ ಕೈಗೆ ಮಾರ್ಕ್ಸ್ ಕಾರ್ಡ್ ಕೊಟ್ಟಿದ್ದು ನನ್ನ ಪ್ರಕಾರ ಈ ಕಥೆಯ ಅತಿ ಮುಖ್ಯ ಘಟನೆ.

ಅದೇ 2006ರಲ್ಲಿ ಅಮೆರಿಕದ ಕುಟುಂಬ ಕಾನೂನು ಶಿಕ್ಷಣದ ಸುಧಾರಣೆಗಾಗಿ ಇನ್ನೊಂದು ವರದಿ ಬಂತು. ತರಗತಿಯಲ್ಲಿ ಓದಿಸೋದಕ್ಕೂ ಕುಟುಂಬ ವಕೀಲರು ದಿನಾ ಮಾಡೋ ಕೆಲಸಕ್ಕೂ ಅಜಗಜಾಂತರ ಅನ್ನೋದು ಅದರ ಸಾರ. ಓದಿಸೋದು ತೀರ್ಪು. ಮಾಡೋದು ಮಾತುಕತೆ, ಮಧ್ಯಸ್ಥಿಕೆ, ಮಕ್ಕಳ ವಿಚಾರ, ದುಡ್ಡಿನ ಲೆಕ್ಕ.

ಕುಟುಂಬದ ಕೇಸಿಗೆ ಈ ಪದ್ಧತಿ ಯಾಕೆ ಅಷ್ಟು ಒಪ್ಪುತ್ತೆ? ಒಂದು ಸ್ಕ್ರಿಪ್ಟ್ ಕಲ್ಪಿಸ್ಕೊಳ್ಳಿ. ಕಕ್ಷಿದಾರಳ ಪಾತ್ರ ಮಾಡೋರಿಗೆ ಮೂರು ಪಟ್ಟಿ ಕೊಡ್ತಾರೆ. ಮೊದಲನೇದು, ಬಂದ ತಕ್ಷಣ ಹೇಳೋದು: ಗಂಡ ಮನೆಗೆ ದುಡ್ಡು ಕೊಡಲ್ಲ. ಎರಡನೇದು, ಕೇಳಿದ್ರೆ ಮಾತ್ರ ಹೇಳೋದು: ಒಡವೆ ಅತ್ತೆಯ ಲಾಕರಿನಲ್ಲಿದೆ. ಮೂರನೇದು, ನಂಬಿಕೆ ಬಂದ್ರೆ ಮಾತ್ರ ಹೇಳೋದು: ಗಂಡ ಹೊಡೀತಾನೆ. ಜೊತೆಗೆ ಬಂದಿರೋ ಅಣ್ಣನನ್ನ ಸ್ವಲ್ಪ ಹೊತ್ತು ಹೊರಗೆ ಕೂರಿಸದೇ ಇದ್ರೆ ಈ ಮೂರನೇ ಪಟ್ಟಿ ಬಾಯಿಂದ ಬರೋದೇ ಇಲ್ಲ. ಅದು ಬರದಿದ್ರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಸಿಗೋ ರಕ್ಷಣೆಯನ್ನ ಆ ವಕೀಲ ಕೇಳೋದೂ ಇಲ್ಲ. ಕಾನೂನು ಬಾಯಿಪಾಠ ಇದ್ರೂ ಉಪಯೋಗ ಇಲ್ಲ.

ನಮ್ಮಲ್ಲಿ ಏನಿದೆ? ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಶಿಕ್ಷಣ ನಿಯಮಗಳಲ್ಲಿ ಪ್ರಾಯೋಗಿಕ ಪತ್ರಿಕೆಗಳು ಕಡ್ಡಾಯ. ಅದರಲ್ಲೊಂದರ ಪ್ರಕಾರ, ವಿದ್ಯಾರ್ಥಿ ವಕೀಲರ ಆಫೀಸಿನಲ್ಲೋ ಕಾನೂನು ನೆರವು ಕೇಂದ್ರದಲ್ಲೋ ಕಕ್ಷಿದಾರರ ಎರಡು ಸಂದರ್ಶನ ನೋಡಿ ಡೈರಿ ಬರೀಬೇಕು. 15 ಅಂಕ. ಓದಿದ ತಕ್ಷಣ ಮೂಲೆಯಲ್ಲಿ ಕೂತಿದ್ದ ಆ ಹುಡುಗಿ ನೆನಪಾದ್ಲು. ಅವಳು ಅವತ್ತು ನೋಡಿ ಕಲಿತದ್ದಾದರೂ ಏನು? ಹತ್ತು ನಿಮಿಷದಲ್ಲಿ ಪಿಟಿಷನ್ ರೆಡಿ ಅನ್ನೋದನ್ನ ತಾನೇ?

ನಟನೆಯಲ್ಲಿ ನಿಜವಾದ ನೋವು ಬರುತ್ತಾ ಅಂತ ನೀವು ಕೇಳಬಹುದು. ಪೂರ್ತಿ ಬರಲ್ಲ. ಕಾನೂನು ನೆರವು ಕೇಂದ್ರದ ಅನುಭವಕ್ಕೆ ಇದು ಬದಲಿಯೂ ಅಲ್ಲ. ಆದರೆ ನಾನು ಬಿಕಾಂ ಓದುವಾಗ ಲ್ಯಾಬ್‌ನಲ್ಲಿ ಇಲ್ಲದ ಕಂಪನಿಯ ಲೆಕ್ಕವನ್ನ ಟ್ಯಾಲಿಯಲ್ಲಿ ಬರೀತಿದ್ವಿ. ಡೆಬಿಟ್ಟು ಕ್ರೆಡಿಟ್ಟು ಅದಲುಬದಲಾದ್ರೆ ಯಾರ ದುಡ್ಡೂ ಹೋಗ್ತಿರಲಿಲ್ಲ, ಅಳಿಸಿ ಮತ್ತೆ ಬರೀತಿದ್ವಿ. ಹೊಸ ವಕೀಲರ ಮೊದಲ ತಪ್ಪು ಯಾರ ಮೇಲೆ ಆಗಬೇಕು? ತಪ್ಪನ್ನ ಎತ್ತಿ ತೋರಿಸೋಕೆ ತಯಾರಾಗಿ ಕೂತಿರೋರ ಮೇಲೋ, ಮಗು ಕಂಕುಳಲ್ಲಿಟ್ಕೊಂಡು ಬಂದ ಹೆಂಗಸಿನ ಮೇಲೋ?

ಇದಕ್ಕೆ ಸಿನಿಮಾ ನಟರೇನೂ ಬೇಕಾಗಿಲ್ಲ. ಒಂದು ಕೋಣೆ, ಚೆನ್ನಾಗಿ ಬರೆದ ಸ್ಕ್ರಿಪ್ಟ್, ನಿವೃತ್ತ ಟೀಚರ್ರೋ ಹವ್ಯಾಸಿ ರಂಗಭೂಮಿಯವರೋ ಒಬ್ಬರು, ಕೊನೆಯಲ್ಲಿ ಅವರು ತುಂಬೋ ಒಂದು ಪುಟ.

ಅಕ್ಕ ಆ ಪಿಟಿಷನ್ನಿಗೆ ಸೈನ್ ಹಾಕಲಿಲ್ಲ. ಎರಡು ತಿಂಗಳಾದ ಮೇಲೆ ಬೇರೊಬ್ಬ ವಕೀಲರ ಹತ್ತಿರ ಹೋದ್ವಿ. ಅವರು ಫೈಲ್ ಮುಟ್ಟಲಿಲ್ಲ. ನನಗೆ "ನೀವು ಐದು ನಿಮಿಷ ಹೊರಗಿರ್ತೀರಾ?" ಅಂದ್ರು. ಐದು ಹೋಗಿ ನಲವತ್ತಾಯ್ತು. ಒಳಗೆ ಅಕ್ಕ ಏನು ಹೇಳಿದ್ಲೋ ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ. ಕೇಳಬೇಕಾದೋರು ಕೇಳಿದ್ರು.