ಇಲಿಯ ಈಜು, ಮಿದುಳಿನ ಬೀಗ

ನೆನಪೆಂಬುದು ಮಿದುಳಿನಲ್ಲಿ ಹೇಗೆ ಮೂಡುತ್ತದೆ ಎಂಬ ಪ್ರಶ್ನೆ ಬಹಳ ಹಳೆಯದು. ಅದನ್ನು ಬಿಡಿಸುವುದರಲ್ಲಿ ವಿಜ್ಞಾನಿಗಳಿಗೆ ನೆರವಾದದ್ದು, ನಮ್ಮ ನಿಮ್ಮ ಉಗ್ರಾಣಗಳಿಗೆ ಕನ್ನ ಹಾಕುವ ಇಲಿಯೇ ಎಂದರೆ ನಿಮಗೆ ಸೋಜಿಗವೆನಿಸಬಹುದು.

ಕಥೆ ಮೊದಲಾಗುವುದು ಮಾತ್ರ ಮೊಲದಿಂದ. ನಾರ್ವೆಯ ಆಸ್ಲೋ ನಗರದಲ್ಲಿ ಬ್ಲಿಸ್ ಮತ್ತು ಲೋಮೊ ಎಂಬಿಬ್ಬರು ನಡೆಸಿದ ಪ್ರಯೋಗ ೧೯೭೩ರಲ್ಲಿ ಪ್ರಕಟವಾಯಿತು. ಮೊಲದ ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗಕ್ಕೆ ಕೆಲವು ಕ್ಷಣ ವಿದ್ಯುತ್ತಿನ ಬಿರುಸಾದ ಮಿಡಿತಗಳನ್ನು ಕೊಟ್ಟರೆ, ಅಲ್ಲಿನ ನರಕೋಶಗಳ ನಡುವಣ ಸಂಪರ್ಕ ಗಂಟೆಗಟ್ಟಲೆ ಬಲವಾಗಿ ಉಳಿಯುತ್ತಿತ್ತು. ಕಲಿಕೆಯ ಮೂಲ ಇದೇ ಇರಬಹುದೇ?

ಇದನ್ನು ಪರೀಕ್ಷಿಸಲು ಒಂದು ಮದ್ದು ಒದಗಿತು. ನರಕೋಶದ ಮೇಲೆ ಗ್ರಾಹಕಗಳೆಂಬ ಅಣುಗಳಿವೆ. ಬೀಗಕ್ಕೆ ಬೀಗದ ಕೈ ಹೊಂದುವಂತೆ, ನೆರೆಯ ಕೋಶದಿಂದ ಬಂದ ರಾಸಾಯನಿಕ ಅವಕ್ಕೆ ಹೊಂದುತ್ತದೆ. ಬ್ರಿಸ್ಟಲ್ ನಗರದ ವಾಟ್ಕಿನ್ಸ್ ಮತ್ತು ಸಂಗಡಿಗರು ಕೊಟ್ಟ ಎಪಿ೫ ಎಂಬ ವಸ್ತು, ಎನ್‌ಎಂಡಿಎ ಎಂಬ ಗ್ರಾಹಕದ ಕಂಡಿಯನ್ನು ಮುಚ್ಚುತ್ತದೆ. ಆಗ ಸಾಮಾನ್ಯ ಸಂದೇಶಗಳು ಸಾಗುತ್ತಿದ್ದರೂ ಸಂಪರ್ಕ ಬಲಗೊಳ್ಳುವುದಿಲ್ಲವೆಂದು ೧೯೮೩ರಲ್ಲಿ ಕಾಲಿಂಗ್ರಿಜ್ ಮೊದಲಾದವರು ತೋರಿಸಿದರು.

ಇನ್ನು ಇಲಿಯ ಸರದಿ. ಸ್ಕಾಟ್ಲೆಂಡಿನಲ್ಲಿದ್ದ ರಿಚರ್ಡ್ ಮಾರಿಸ್ ೧೯೮೧ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದ್ದರು. ದುಂಡನೆಯ ತೊಟ್ಟಿಯಲ್ಲಿ ಹಾಲು ಬೆರೆಸಿದ ನೀರು. ಅದರಡಿ ಕಣ್ಣಿಗೆ ಕಾಣದ ಪುಟ್ಟ ಪೀಠ. ನೀರಿಗೆ ಬಿಟ್ಟ ಇಲಿ ಮೊದಮೊದಲು ಸುತ್ತಿ ಸುತ್ತಿ ಪೀಠವನ್ನು ಹುಡುಕುತ್ತದೆ. ಪಳಗಿದ ಮೇಲೆ ಕೋಣೆಯ ಗುರುತುಗಳನ್ನು ನೋಡಿ ನೇರವಾಗಿ ಅಲ್ಲಿಗೇ ಈಜುತ್ತದೆ. ೧೯೮೬ರಲ್ಲಿ, ಮಿದುಳಿಗೆ ಎಪಿ೫ ಹರಿಸಿದ ಇಲಿಗಳು ಈ ಸ್ಥಳವನ್ನು ಕಲಿಯುವುದರಲ್ಲಿ ಹಿಂದೆ ಬಿದ್ದವು. ಆದರೆ ಕಣ್ಣಿಗೆ ಕಾಣುವ ಎರಡು ವಸ್ತುಗಳಲ್ಲಿ ಸರಿಯಾದುದನ್ನು ಆರಿಸುವುದನ್ನು ಅವು ಕಲಿತವು. ಮದ್ದಿಗೆ ಮೊದಲೇ ಕಲಿತಿದ್ದ ಸ್ಥಳ ಮರೆತುಹೋಗುವುದಿಲ್ಲವೆಂಬುದೂ ೧೯೮೯ರಲ್ಲಿ ತಿಳಿಯಿತು. ಹೊಸದನ್ನು ಕಲಿಯುವುದು ಬೇರೆ, ಕಲಿತದ್ದನ್ನು ನೆನೆಯುವುದು ಬೇರೆ!

ವಿಷಯ ಅಲ್ಲಿಗೇ ಮುಗಿಯಲಿಲ್ಲ. ಬೇರೊಂದು ತೊಟ್ಟಿಯಲ್ಲಿ ಮೊದಲೇ ಪಳಗಿದ್ದ ಇಲಿಗಳು, ಮದ್ದಿದ್ದರೂ ಹೊಸ ತೊಟ್ಟಿಯ ಸ್ಥಳವನ್ನು ಕಲಿತವೆಂದು ೧೯೯೫ರಲ್ಲಿ ವರದಿಯಾಯಿತು. ಆ ವರದಿಯನ್ನು ಬರೆದವರಲ್ಲಿ ಮಾರಿಸ್ ಅವರೂ ಒಬ್ಬರು! ತಮ್ಮ ಮಾತನ್ನು ತಾವೇ ಒರೆಗೆ ಹಚ್ಚುವ ಈ ಗುಣವೇ ವಿಜ್ಞಾನದ ಹಿರಿಮೆ. ೨೦೧೬ರಲ್ಲಿ ಬ್ಲಿಸ್, ಕಾಲಿಂಗ್ರಿಜ್ ಮತ್ತು ಮಾರಿಸ್ ಅವರಿಗೆ ಮಿದುಳು ಸಂಶೋಧನೆಯ ದೊಡ್ಡ ಬಹುಮಾನವೊಂದು ಸಂದಿತು.

ಪರೀಕ್ಷೆಯ ಕಾಲದಲ್ಲಿ, ಒಂದೇ ಗುಳಿಗೆಯಿಂದ ಮಕ್ಕಳ ನೆನಪೆಲ್ಲ ಹೆಚ್ಚುವುದೆಂಬ ಜಾಹೀರಾತು ಕಂಡರೆ, ದಯವಿಟ್ಟು ಈ ತೊಟ್ಟಿಯನ್ನು ನೆನೆಯಿರಿ. ಇಲಿಯ ನೆನಪೇ ಒಂದು ಬೀಗಕ್ಕೆ ಸಿಕ್ಕುವಷ್ಟು ಸರಳವಲ್ಲ.