ಮಾನ್ಯಪುರವಾಗಿದ್ದ ಮಣ್ಣೆ

ಗಂಗರಸರ ಹೆಸರನ್ನು ಕೇಳಿದೊಡನೆ ನಮ್ಮ ಮನಸ್ಸು ಕೋಲಾರಕ್ಕೂ ತಲಕಾಡಿಗೂ ಹರಿಯುವುದು ಸಹಜ. ಅವೆರಡೂ ಆ ಮನೆತನದ ಪ್ರಸಿದ್ಧ ರಾಜಧಾನಿಗಳು. ಆದರೆ ಅದೇ ವಂಶದ ರಾಜರು ದೀರ್ಘಕಾಲ ನೆಲೆನಿಂತು ರಾಜ್ಯವಾಳಿದ ಇನ್ನೊಂದು ಪಟ್ಟಣವು ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿಯೇ ಇದೆಯೆಂಬುದನ್ನು ಬಲ್ಲವರು ವಿರಳ. ನೆಲಮಂಗಲ ತಾಲ್ಲೂಕಿನಲ್ಲಿ, ತ್ಯಾಮಗೊಂಡ್ಲಿಗೆ ಸಮೀಪದಲ್ಲಿರುವ ಮಣ್ಣೆಯೇ ಆ ಪಟ್ಟಣ. ಬೂದಿಗೆರೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆಯಿಂದ ಶಿವಗಂಗೆಗೂ ಸಿದ್ಧಗಂಗೆಗೂ ಯಾತ್ರೆ ಹೋಗುವ ಭಕ್ತರು ಈ ಊರಿನ ಆಸುಪಾಸಿನಲ್ಲಿ ಎಷ್ಟೋ ಸಲ ಹಾದುಹೋಗಿರಬಹುದು. ಶಾಸನಗಳಲ್ಲಿ ಇದಕ್ಕೆ ಮಾನ್ಯಪುರವೆಂದು ಹೆಸರು. ಕಲಬುರಗಿ ಜಿಲ್ಲೆಯ ಮಳಖೇಡವಾದ ಮಾನ್ಯಖೇಟವು ಇದಕ್ಕಿಂತ ಬೇರೆ. ಅದು ಮುಂದೆ ರಾಷ್ಟ್ರಕೂಟರ ರಾಜಧಾನಿಯಾಯಿತು.

ಮಾನ್ಯಪುರಕ್ಕೆ ಹಿರಿಮೆ ಬಂದುದು ಎಂಟನೆಯ ಶತಮಾನದಲ್ಲಿ, ಶ್ರೀಪುರುಷನ ಕಾಲದಲ್ಲಿ. ಐವತ್ತು ವರ್ಷಗಳಿಗೂ ಮಿಕ್ಕಿ ಆಳಿದ ಈ ರಾಜನು ಪಲ್ಲವರನ್ನು ಜಯಿಸಿದ ವೀರನು. ಆನೆಗಳ ವಿಷಯವಾಗಿ ಗಜಶಾಸ್ತ್ರವೆಂಬ ಗ್ರಂಥವನ್ನು ರಚಿಸಿದ ವಿದ್ವಾಂಸನೂ ಹೌದು. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯಲ್ಲಿ ದೊರೆತ ಅವನ ತಾಮ್ರಶಾಸನವು ಶಕ 698ಕ್ಕೆ, ಎಂದರೆ ಕ್ರಿ.ಶ. 776ಕ್ಕೆ ಸೇರಿದುದು. ಅದು ಹೊರಟದ್ದು ಮಾನ್ಯಪುರದಲ್ಲಿದ್ದ ವಿಜಯಸ್ಕಂಧಾವಾರದಿಂದ. ಶ್ರೀಪುರದ ಉತ್ತರಕ್ಕೆ ಕುಂದಾಚ್ಚಿಯೆಂಬ ರಾಜವಂಶದ ಮಹಿಳೆಯು ಕಟ್ಟಿಸಿದ ಲೋಕತಿಲಕವೆಂಬ ಜಿನಾಲಯಕ್ಕೆ, ಆಕೆಯ ಪತಿ ಪೃಥ್ವೀನಿರ್ಗುಂದರಾಜನ ವಿಜ್ಞಾಪನೆಯ ಮೇರೆಗೆ, ಪೊನ್ನಳ್ಳಿಯೆಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟುದನ್ನು ಅದು ತಿಳಿಸುತ್ತದೆ. ಇಲ್ಲಿ ವಾಚಕರು ಒಂದು ವಿಶೇಷವನ್ನು ಗಮನಿಸಬೇಕು. ಜಿನಾಲಯಕ್ಕೆ ಕೊಟ್ಟ ಈ ದಾನದ ಶಾಸನವು ಆರಂಭವಾಗುವುದು ಪದ್ಮನಾಭನ ಸ್ತುತಿಯಿಂದ. ತನ್ನ ಇಷ್ಟದೈವವನ್ನು ನೆನೆದು ಇನ್ನೊಂದು ಮತದ ಆಲಯಕ್ಕೆ ಭೂಮಿಯನ್ನು ಧಾರೆಯೆರೆಯುವುದು ಆ ರಾಜನಿಗೆ ವಿರೋಧವೆಂದು ತೋರಲಿಲ್ಲ.

ಸ್ವತಃ ಮಾನ್ಯಪುರದ ಧಾರ್ಮಿಕ ಜೀವನವನ್ನು ತಿಳಿಯಲು ನಮಗೆ ಆಧಾರವಾಗಿರುವುವು ಮಣ್ಣೆಯ ಎರಡು ತಾಮ್ರಶಾಸನಗಳು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಇವು ಸೇರಿವೆ. ಇವೆರಡರ ಮಧ್ಯೆ ಇರುವ ಅಂತರ ಕೇವಲ ಐದು ವರ್ಷ. ಆದರೆ ಆ ಕಾಲವು ಗಂಗವಾಡಿಗೆ ಎಂತಹ ಸಂಕಟದ ಕಾಲವಾಗಿತ್ತೆಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಶ್ರೀಪುರುಷನ ಮಗನಾದ ಎರಡನೆಯ ಶಿವಮಾರನು ಪಟ್ಟಕ್ಕೆ ಬಂದ ಮೇಲೆ ರಾಷ್ಟ್ರಕೂಟ ಧ್ರುವನು ದಂಡೆತ್ತಿ ಬಂದು ಅವನನ್ನು ಸೆರೆಹಿಡಿದನು. ಧ್ರುವನ ಹಿರಿಯ ಮಗನಾದ ಕಂಭನು ಗಂಗವಾಡಿಯ ಅಧಿಕಾರಿಯಾದನು. ಧ್ರುವನ ತರುವಾಯ ಕಿರಿಯ ಮಗ ಮೂರನೆಯ ಗೋವಿಂದನಿಗೆ ಪಟ್ಟವಾಗಲು ಕಂಭನು ತಮ್ಮನ ಮೇಲೆ ತಿರುಗಿಬಿದ್ದು ಸೋತನು. ಗೋವಿಂದನು ಅಣ್ಣನನ್ನು ಕ್ಷಮಿಸಿ ಮತ್ತೆ ಗಂಗವಾಡಿಯ ಆಡಳಿತವನ್ನೇ ವಹಿಸಿದನು. ಅವನು ಬಿಡುಗಡೆ ಮಾಡಿದ ಶಿವಮಾರನಾದರೋ ಎದುರುಬಿದ್ದು ಮತ್ತೊಮ್ಮೆ ಸೆರೆಗೆ ಹೋಗಬೇಕಾಯಿತು. ಅರಸು ಸೆರೆಯಲ್ಲಿ, ನಾಡು ಪರರ ಕೈಯಲ್ಲಿ. ಮಾನ್ಯಪುರವು ಇಂತಹ ಉಪಪ್ಲವದ ನಡುವೆ ಸಿಕ್ಕಿಕೊಂಡಿತ್ತು.

ಇಂತಹ ದಿನಗಳಲ್ಲಿ, ಶಕ 719ರಲ್ಲಿ, ಎಂದರೆ ಕ್ರಿ.ಶ. 797ರಲ್ಲಿ, ಶಿವಮಾರನ ಮಗನಾದ ಯುವರಾಜ ಮಾರಸಿಂಹನು ಮೊದಲನೆಯ ಶಾಸನವನ್ನು ಹೊರಡಿಸಿದನು. ಅವನ ಸೇನಾಪತಿ ಶ್ರೀವಿಜಯನು ಮಾನ್ಯಪುರದಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿದ್ದನು. ಅದಕ್ಕೆ ಕಿರುವೆಕ್ಕೂರೆಂಬ ಗ್ರಾಮವು ದತ್ತಿಯಾಯಿತು. ಕೊಂಡಕುಂದಾನ್ವಯದ ತೋರಣಾಚಾರ್ಯರು, ಅವರ ಶಿಷ್ಯರಾದ ಪುಷ್ಪನಂದಿ, ಅವರ ಶಿಷ್ಯರಾದ ಪ್ರಭಾಚಂದ್ರ ಎಂಬ ಗುರುಪರಂಪರೆಯೂ ಅದರಲ್ಲಿ ಉಕ್ತವಾಗಿದೆ. ಖಡ್ಗವನ್ನು ಹಿಡಿದ ಕೈಯೇ ಆಲಯವನ್ನು ಎತ್ತಿಸಿತು. ಅದನ್ನು ನಡೆಸಲು ಒಂದು ಗ್ರಾಮದ ಹುಟ್ಟುವಳಿಯೂ ಸಂದಿತು.

ಎರಡನೆಯ ಶಾಸನದ ಕಾಲ ಶಕ 724, ಎಂದರೆ ಕ್ರಿ.ಶ. 802. ಅಷ್ಟರಲ್ಲಿ ಮಾನ್ಯಪುರವು ರಾಷ್ಟ್ರಕೂಟರ ಅಧೀನದಲ್ಲಿತ್ತು. ಗೆದ್ದ ಪಕ್ಷವು ಸೋತ ಪಕ್ಷದ ಸೇನಾಪತಿಯು ಕಟ್ಟಿಸಿದ ಆಲಯವನ್ನು ಏನು ಮಾಡಿತು? ಕೆಡವಲಿಲ್ಲ, ದತ್ತಿಯನ್ನು ಕಿತ್ತುಕೊಳ್ಳಲೂ ಇಲ್ಲ. ಮೂರನೆಯ ಗೋವಿಂದನ ಆಳ್ವಿಕೆಯಲ್ಲಿ, ರಣಾವಲೋಕನೆಂಬ ಬಿರುದಿನ ಆ ಕಂಭನ ಮೂಲಕ, ಶ್ರೀವಿಜಯನ ಅದೇ ಜಿನಾಲಯಕ್ಕೆ ಮತ್ತೊಂದು ಗ್ರಾಮವು ದಾನವಾಗಿ ಸಂದಿತು. ಆಳುವವರು ಬದಲಾದರೂ ಧರ್ಮಕಾರ್ಯವು ನಿಲ್ಲಲಿಲ್ಲ. ಮಣ್ಣೆಯ ಇತಿಹಾಸದಲ್ಲಿ ನಾವು ಮುಖ್ಯವಾಗಿ ಅರಿಯಬೇಕಾದ ಸಂಗತಿ ಇದು.

ಇದಕ್ಕೆ ಹಿನ್ನೆಲೆಯಾಗಿ ನಮ್ಮ ಪೂರ್ವಿಕರ ಒಂದು ದೃಢವಾದ ನಂಬಿಕೆ ಇತ್ತು. ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಶಾಪಾಶಯದ ಶ್ಲೋಕಗಳು ಬರುತ್ತವೆ. ತಾನು ಕೊಟ್ಟುದಾಗಲಿ ಪರರು ಕೊಟ್ಟುದಾಗಲಿ, ದತ್ತಿಯ ಭೂಮಿಯನ್ನು ಅಪಹರಿಸಿದವನಿಗೆ ಘೋರ ನರಕವೆಂದು ಅವು ಎಚ್ಚರಿಸುತ್ತವೆ. ದಾನ ಮಾಡುವುದಕ್ಕಿಂತ ಇನ್ನೊಬ್ಬರು ಮಾಡಿದ ದಾನವನ್ನು ಕಾಪಾಡುವುದೇ ಮಿಗಿಲೆಂದೂ ಅವು ಸಾರುತ್ತವೆ. ದಾನವನ್ನು ಉಳಿಸಿಕೊಂಡು ಬರುವ ಈ ಕಾರ್ಯಕ್ಕೆ ಅನುಪಾಲನವೆಂದು ಹೆಸರು. ಹೊಸ ದಾನದಿಂದ ಕೊಟ್ಟವನಿಗೆ ಕೀರ್ತಿ ಬರುತ್ತದೆ. ಅನುಪಾಲನದಿಂದ ಬರುವ ಕೀರ್ತಿಯಾದರೋ ಪರರಿಗೆ ಸಲ್ಲುತ್ತದೆ. ಅದು ಕಷ್ಟವಾದುದೂ ಹಿರಿದಾದುದೂ ಆಗಿರುವುದು ಈ ಕಾರಣದಿಂದಲೇ. ಕ್ರಿ.ಶ. 802ರ ದಾನದಲ್ಲಿ ಶ್ರೀವಿಜಯನ ಹೆಸರು ಅಳಿಯದೆ ಉಳಿದಿದೆ.

ಮಾನ್ಯಪುರವು ಜೈನರಿಗೆ ಮಾತ್ರ ನೆಲೆಯಾಗಿರಲಿಲ್ಲ. ಗಂಗರ ಕಾಲದ ಶಿಲ್ಪಕ್ಕೆ ಸಾಕ್ಷಿಯಾಗಿ ಇಂದಿಗೂ ಅಲ್ಲಿ ಶಿವಾಲಯವಾದ ಕಪಿಲೇಶ್ವರ ದೇವಸ್ಥಾನವಿದೆ. ಶಿಥಿಲವಾಗಿದ್ದರೂ ಅದರ ಬಾಗಿಲುವಾಡದ ಕೆತ್ತನೆ, ಕಲ್ಲನ್ನೇ ಕೊರೆದು ಮಾಡಿದ ಜಾಲಂಧ್ರಗಳು ನೋಡತಕ್ಕವು. ಜಿನಾಲಯ ಮತ್ತು ಶಿವಾಲಯಗಳೆರಡಕ್ಕೂ ಒಂದೇ ಊರು ಆಶ್ರಯವಿತ್ತಿತ್ತೆಂಬುದನ್ನು ತಾಮ್ರದ ಹಲಗೆಗಳೂ ಈ ಕಲ್ಲುಗಳೂ ಕೂಡಿ ಹೇಳುತ್ತವೆ.

ಕ್ರಿ.ಶ. 1004ರ ಸುಮಾರಿಗೆ ತಲಕಾಡು ಚೋಳರ ವಶವಾಗಿ ಗಂಗರ ಪ್ರಭುತ್ವವು ಮುಗಿಯಿತು. ರಾಜರ ನೆಲೆವೀಡಾಗಿದ್ದ ಮಾನ್ಯಪುರವು ಕ್ರಮೇಣ ಮಣ್ಣೆಯೆಂಬ ಹಳ್ಳಿಯಾಯಿತು. ಶ್ರೀಪುರುಷನು ವಾಸಿಸಿದ ಅರಮನೆಯನ್ನು ಇಂದು ಅಲ್ಲಿ ಕಾಣಲಾಗದು. ಆ ಊರಿನ ಹೆಸರನ್ನು ನಮ್ಮವರೆಗೆ ತಲಪಿಸಿದುವು ಅದು ಕೊಟ್ಟ ಮತ್ತು ಪಡೆದ ದಾನಗಳ ಲಿಖಿತಗಳು.

ಹಾಗಿರುವಲ್ಲಿ ನಮ್ಮ ಕರ್ತವ್ಯವೇನು? ನಮ್ಮ ಊರುಗಳ ಕೆರೆಯೇರಿಯ ಮೇಲೆ, ಹೊಲದ ಬದುವಿನಲ್ಲಿ, ಹಾಳುಗುಡಿಯ ಮುಂದೆ ಶಾಸನದ ಕಲ್ಲುಗಳೂ ವೀರಗಲ್ಲುಗಳೂ ಬಿದ್ದಿರುವುದುಂಟು. ಅವನ್ನು ಬಟ್ಟೆ ಒಗೆಯುವುದಕ್ಕೂ ಮನೆಯ ಮೆಟ್ಟಿಲಿಗೂ ಬಳಸುವುದು ಅಜ್ಞಾನದಿಂದಲೇ ಹೊರತು ದುರುದ್ದೇಶದಿಂದಲ್ಲ. ಆದರೂ ಅಳಿದ ಅಕ್ಷರವು ಮರಳಿ ಬಾರದು. ಹೊಸ ಗುಡಿಗೆ ಧನಸಹಾಯ ಮಾಡುವ ಉದಾರಿಗಳು ನಮ್ಮಲ್ಲಿ ಹಲವರಿದ್ದಾರೆ. ಹಿಂದಿನವರ ಹೆಸರನ್ನು ಹೊತ್ತ ಒಂದು ಕಲ್ಲನ್ನು ಎತ್ತಿ ನಿಲ್ಲಿಸಿ, ಅದರ ಸುದ್ದಿಯನ್ನು ಪುರಾತತ್ತ್ವ ಇಲಾಖೆಗೆ ಮುಟ್ಟಿಸುವವರೂ ಅಷ್ಟೇ ಪುಣ್ಯಭಾಜನರೆಂದು ತಿಳಿಯಬೇಕು. ಶಿವಗಂಗೆಯ ಯಾತ್ರೆಗೆ ಹೊರಟವರು ಒಂದು ಗಳಿಗೆ ಬಿಡುವು ಮಾಡಿಕೊಂಡು ಮಣ್ಣೆಗೆ ಹೋಗಿಬರಲಿ. ಜೊತೆಯಲ್ಲಿ ಮಕ್ಕಳನ್ನೂ ಕರೆದೊಯ್ದು ಶ್ರೀವಿಜಯನ ಕಥೆಯನ್ನು ಅವರಿಗೆ ಹೇಳಲಿ.